ಬಾಣಂತಿ ಗಾಡಿ

ನಮ್ಮೂರಿನಲ್ಲಿ ಮನೆ ಮುಂದೆ ಹೊಸ ಕಾರು ಬಂದು ನಿಂತರೆ ಮೊದಲು ಹುಡುಕುವುದು ನಿಂಬೆಹಣ್ಣನ್ನಲ್ಲ, ಹಳೇ ಸೀರೆಗಳನ್ನು. ನಾಲ್ಕು ಬಿದಿರು ನೆಟ್ಟು, ಗಾಡಿಯ ಸುತ್ತ ಸೀರೆ ಕಟ್ಟಿ, ನಲವತ್ತೊಂದು ದಿನ ಮರೆಯಲ್ಲಿಡಬೇಕು. ಅದಕ್ಕೆ ಬಾಣಂತಿ ಗಾಡಿ ಅಂತಲೇ ಹೆಸರು. ಆ ದಿನಗಳಲ್ಲಿ ಬಣ್ಣ ಹಸಿ. ಅದರ ಮುಂದೆ ಯಾರೇ ಆಗಲಿ, ಇಪ್ಪತ್ತೊಂದು ಎಣಿಸುವಷ್ಟು ಹೊತ್ತು ಅಲ್ಲಾಡದೆ ನಿಂತರೆ ಮುಖ ಹಿಡಿದುಬಿಡುತ್ತದೆ. ಅವರು ಹೋದರೂ ಮುಖ ಹೋಗುವುದಿಲ್ಲ. ಬೇಡವಾದದ್ದನ್ನು ಪಾಲಿಶ್ ಹಾಕಿ ತಿಕ್ಕಿ ತೆಗೆಯಬೇಕೆಂದರೆ ನಲವತ್ತೊಂದರ ಒಳಗೇ ತೆಗೆಯಬೇಕು. ಆಮೇಲೆ ಬಣ್ಣ ಬಲಿಯುತ್ತದೆ. ಬಲಿತ ಮೇಲೆ ಇದ್ದವರು ಇದ್ದರು, ಹೋದವರು ಹೋದರು.

ಹಾಗಾಗಿ ನಮ್ಮಲ್ಲಿ ಒಂದು ಮನೆತನದ ಯೋಗ್ಯತೆ ತಿಳಿಯಲು ಯಾರೂ ಮನೆಯೊಳಗೆ ಹೋಗುವುದಿಲ್ಲ. ಹೆಣ್ಣು ನೋಡಲು ಬಂದವರು ಚಹಾ ಕುಡಿಯುವ ಮೊದಲು ಗಾಡಿಗೆ ಒಂದು ಪ್ರದಕ್ಷಿಣೆ ಹಾಕುತ್ತಾರೆ. ಬ್ಯಾಂಕ್ ಮ್ಯಾನೇಜರರ ಗಾಡಿಯ ಬಲಬಾಗಿಲಲ್ಲಿ ತಹಶೀಲ್ದಾರರಿದ್ದಾರೆ, ಹೆತ್ತ ತಾಯಿ ಎಡಬಾಗಿಲಲ್ಲಿ, ಕೆಸರು ಸಿಡಿಯುವ ಕಡೆ. ಡೈರಿ ಮಲ್ಲೇಶಿಯ ಗಾಡಿಯ ಮೇಲೆ ಎಮ್ಮೆ ಇದೆ, ಇಡೀ ಊರಿನಲ್ಲಿ ಅಷ್ಟು ಸ್ಪಷ್ಟವಾದ ಮುಖ ಇನ್ನೊಂದಿಲ್ಲ; ಎಮ್ಮೆಯಷ್ಟು ನೆಟ್ಟಗೆ ನಿಲ್ಲುವ ಮನುಷ್ಯ ಎಲ್ಲಿ ಸಿಗಬೇಕು? ಪ್ರಿನ್ಸಿಪಾಲರು ಪೆಟ್ರೋಲ್ ಹಾಕಿಸಲು ಹೋಗುವಾಗ ಹೆಂಡತಿಯನ್ನು ಕರೆದೊಯ್ಯುವುದಿಲ್ಲ, ಟ್ಯಾಂಕಿನ ಮುಚ್ಚಳದ ಮೇಲೆ ಯಾರೋ ಇದ್ದಾರಂತೆ. ಬಿಳಿ ಬಣ್ಣ ಮುಖ ಹಿಡಿಯುವುದು ಕಡಿಮೆ. ಅದಕ್ಕೇ ಬಿಳಿ ಗಾಡಿ ಕೊಂಡವರನ್ನು ಊರು ಒಂದು ತರಹ ನೋಡುತ್ತದೆ. ಮುಚ್ಚಿಡುವಂಥದ್ದು ಏನಿದೆಯೋ ಏನೋ ಅಂತ.

ನಾನು ತಂದದ್ದು ಕಪ್ಪು. ದೊಡ್ಡಸ್ತಿಕೆಗಲ್ಲ, ನಾನು ಜೋಳದ ರೊಟ್ಟಿ ಬಡಿಯುವವಳು, ನಾಲ್ಕು ಖಾನಾವಳಿಗಳಿಗೆ ದಿನಾ ರೊಟ್ಟಿ ನನ್ನ ಮನೆಯಿಂದಲೇ ಹೋಗಬೇಕು. ಹನ್ನೊಂದು ವರ್ಷ ಬುಟ್ಟಿಗಳನ್ನು ಸ್ಕೂಟರಿನ ಹಿಂದೆ ಕಟ್ಟಿ ಒಯ್ದೆ. ಮಳೆಗಾಲದಲ್ಲಿ ಅರ್ಧ ರೊಟ್ಟಿ ಅಂಬಲಿಯಾಗಿ ತಲುಪುತ್ತಿದ್ದವು. ಷೋರೂಮಿನಲ್ಲಿ ಕೂಡಲೇ ಸಿಗುವುದು ಕಪ್ಪೊಂದೇ ಅಂದರು, ಹೆಂಚಿನ ಬಣ್ಣ ನನಗೇನು ಹೊಸದಲ್ಲ ಅಂತ ತಂದುಬಿಟ್ಟೆ.

ಬಂದ ದಿನವೇ ನನ್ನ ಗಂಡ ಈರಪ್ಪ ಹಿಂದಿನ ಬಾಗಿಲಿನಲ್ಲಿ ಸಿಕ್ಕಿಬಿದ್ದ. ಬಸ್ಸಿನ ಕಂಡಕ್ಟರು, ದಿನವಿಡೀ ನಿಂತೇ ಅಭ್ಯಾಸ. ಗಾಡಿಯನ್ನು ಕನ್ನಡಿ ಮಾಡಿಕೊಂಡು ಬೈತಲೆ ತೆಗೆಯುತ್ತ ನಿಂತವನು ಬಾಚಣಿಗೆ ಸಮೇತ ಉಳಿದ. ಎರಡನೇ ಇಯತ್ತೆ ಓದುವ ನಮ್ಮ ಮಗಳು ಲೀಲಿ ಮಾತ್ರ ಬೇಕಂತಲೇ ಬಾನೆಟ್ಟಿನ ಪಕ್ಕ ಹೋಗಿ ನಿಂತಳು. ಅವತ್ತು ಬೆಳಿಗ್ಗೆಯಷ್ಟೇ ಅವಳ ಮುಂದಿನ ಹಲ್ಲು ಬಿದ್ದಿತ್ತು. ಆ ಹಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಬಾಯಿ ತುಂಬ ನಗುತ್ತ, ಇಪ್ಪತ್ತೊಂದು ಎಣಿಸಿದಳು. ಸಂಜೆಯ ಹೊತ್ತಿಗೆ ಬಾನೆಟ್ಟಿನ ನಡುವೆ ಆ ನಗು ಕೂತಿತ್ತು, ಹಲ್ಲಿನ ಸಂದಿಯ ಸಮೇತ. ನಾನು ಸ್ಕೂಟರಿಗೆ ಬುಟ್ಟಿ ಕಟ್ಟಲು ಹೋದಾಗಲೆಲ್ಲ ಸೀರೆ ಸರಿಸಿ ಅದನ್ನು ನೋಡಿ ಬರುತ್ತಿದ್ದೆ. ನೋಡುವುದೆಂದರೆ, ಹೋಗ್ತಾ ಒಮ್ಮೆ, ಬರ್ತಾ ಒಮ್ಮೆ.

"ಅವ್ವಾ, ನೀ ಎಲ್ಲೂ ಇಲ್ಲಲ್ಲ," ಅಂದಳು ಲೀಲಿ, ಗಾಡಿಯ ಸುತ್ತ ಹುಡುಕಿ ಬಂದು. "ಅಪ್ಪ ಅದಾನ, ನಾ ಅದೀನಿ. ಬೀದಿ ನಾಯಿನೂ ಬಂಪರ್ ಮ್ಯಾಲ ಐತಿ."

"ನಿಲ್ತೀನಿ ತಗೋ, ನಾಳೆ," ಅಂದೆ.

ಎರಡು ಸಲ ನಿಂತೆ ಕೂಡ. ಒಮ್ಮೆ ಒಂಬತ್ತು ಎಣಿಸುವಷ್ಟರಲ್ಲಿ ಹೆಂಚು ಹೊಗೆಯಾಡಿತು. ಇನ್ನೊಮ್ಮೆ ಹದಿನಾಲ್ಕಕ್ಕೆ ಖಾನಾವಳಿಯಿಂದ ಫೋನು ಬಂತು. ಹಸಿ ಬಣ್ಣ ಅರ್ಧಮರ್ಧ ನಿಂತವರನ್ನು ಹಿಡಿಯುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಲೀಲಿ ಸೀರೆ ಸರಿಸಿ ಕಿರುಚಿದಳು. ಬಾನೆಟ್ಟಿನ ಮೇಲೆ ಅವಳ ಭುಜದ ಹಿಂದೆ ನಮ್ಮ ವಾರ್ಡಿನ ಮೆಂಬರು ರುದ್ರಗೌಡರು ನಿಂತಿದ್ದರು. ಹಣೆಗೆ ಉದ್ದನೆಯ ಕುಂಕುಮ, ತಿರುಚಿದ ಮೀಸೆ, ಬಾನೆಟ್ಟಿನ ಮುಂದಂಚಿನಲ್ಲಿ ಭಕ್ತಿಯಿಂದ ಮುಗಿದ ಎರಡು ಕೈ. ಊರಿನ ಯಾವ ಕಾರಿನ ಮೇಲೆ ಅವರಿಲ್ಲ ಹೇಳಿ? ಆಂಬುಲೆನ್ಸಿನ ಮೇಲಿದ್ದಾರೆ, ಶವ ಸಾಗಿಸುವ ವ್ಯಾನಿನ ಮೇಲೂ ಅದೇ ನಗು. ಆದರೆ ನಮ್ಮ ಗಾಡಿ ಮರೆಯಲ್ಲಿತ್ತಲ್ಲ, ಯಾವಾಗ ಬಂದು ನಿಂತರು?

"ಮೊನ್ನೆ ನೀವು ರೊಟ್ಟಿ ಕೊಡಾಕ ಹೋಗಿದ್ರಲ್ಲ, ಆಗ ನಾ ನೋಡೀನ್ರಿ," ಅಂದಳು ಪಕ್ಕದ ಮನೆಯ ಸುಲೋಚನಾಬಾಯಿ. "ಬೆಳ್ಳಗ ಒಂದು ಅಂಗಿ ಸೀರಿ ಹಿಂದ ಹಂಗ ಅಲ್ಲಾಡ್ತಿತ್ತು."

ಅವಳ ಹಗ್ಗದ ಮೇಲೆ ಅವಳ ಗಂಡನದೇ ಬಿಳಿ ಅಂಗಿ ದಿನಾ ಒಣಗುತ್ತದೆ ಅನ್ನುವುದು ನನಗೆ ಆ ಗಳಿಗೆ ಹೊಳೆಯಲಿಲ್ಲ. ಕೈಯಲ್ಲಿ ಹಿಟ್ಟಿತ್ತು.

"ನನ್ನ ಹೆಗಲ ಮ್ಯಾಲ ಗದ್ದ ಇಟ್ಟಾನವ್ವಾ. ತೆಗಿ ಅವನ್ನ," ಅಂತ ಲೀಲಿ ಅತ್ತಳು.

ಈರಪ್ಪ ಬಾಗಿಲಿನಲ್ಲಿದ್ದ ತನ್ನ ಮುಖಕ್ಕಿಂತ ಗಂಭೀರನಾಗಿ ಹೇಳಿದ, "ಇರ್ಲಿ ಬಿಡ ಕಸ್ತೂರಿ. ನಳದ ನೀರು ಅವ್ರ ಕೈಯಾಗ ಐತಿ. ಸೀರಿ ಬಿಚ್ಚೋ ದಿನ ಅವ್ರ ಬಂದು ನೋಡ್ತಾರ. ತಮ್ಮ ಮಾರಿ ಕಾಣಲಿಲ್ಲಂದ್ರ ಮುಗೀತು, ಜಳಕಕ್ಕೂ ಕೊಡ ಹೊರೋದ."

"ಈಗೇನ ನಳದಾಗ ಗಂಗಿ ಹರೀತಾಳೇನ?" ಅಂದೆ. ವಾರಕ್ಕೊಮ್ಮೆ ಬರುವ ನೀರು ಅದು, ಬಂದದ್ದು ಹೋದ ಮೇಲೆ ಗೊತ್ತಾಗುವಂಥದ್ದು.

ತೆಗೆಯುವುದೇನೋ ತೆಗೆಯಬೇಕು, ಯಾವುದರಿಂದ? ಈ ಪ್ರಶ್ನೆಯನ್ನು ನಮ್ಮೂರಿನಲ್ಲಿ ಬಾಯಿಬಿಟ್ಟು ಕೇಳಬಾರದು. ಕೇಳಿದರೆ ಇಡೀ ಊರು ಪಂಡಿತರಾಗುತ್ತದೆ. ಖಾನಾವಳಿಯಲ್ಲಿ ಉಣ್ಣುತ್ತಿದ್ದವರು ಎಡಗೈಯಲ್ಲಿ ಮೊಬೈಲ್ ಹಿಡಿದು ವಿಡಿಯೋ ತೋರಿಸಿದರು. ಒಬ್ಬರು ಉಣ್ಣೆಯ ಪ್ಯಾಡು ಅಂದರು, ಇನ್ನೊಬ್ಬರು ಉಣ್ಣೆ ಮುಟ್ಟಿಸಿದರೆ ಗಾಡಿ ಸತ್ತಂತೆ, ಹಳದಿ ಸ್ಪಂಜೇ ಬೇಕು ಅಂದರು. ಮೂರನೆಯವರು ಹಲ್ಲಿನ ಪೇಸ್ಟು ಸಾಕು, ತಮ್ಮ ಷಡ್ಡಕನನ್ನು ಅದರಲ್ಲೇ ಅಳಿಸಿದ್ದು ಅಂದರು. ಎಲ್ಲರೂ ಕೊನೆಗೆ ದನಿ ತಗ್ಗಿಸಿ, "ನಾ ಹೇಳೀನಂತ ಎಲ್ಲೂ ಅನಬ್ಯಾಡ್ರಿ," ಅಂದರು. ಅವರವರ ಗಾಡಿಗಳ ಮೇಲೆ ಮೆಂಬರು ಕೈ ಮುಗಿದುಕೊಂಡು ಹಾಯಾಗಿಯೇ ಇದ್ದರು.

ಹೀಗೆ ಕೇಳುತ್ತ, ನಾಳೆ ನಾಳೆ ಅನ್ನುತ್ತ, ಮೂವತ್ತಾರನೆಯ ದಿನ ಬಂತು. ನಡುವೆ ಎರಡು ಮದುವೆಯ ರೊಟ್ಟಿ, ಒಂದು ಜ್ವರ, ಲೀಲಿಯ ಶಾಲೆಯ ಪರೀಕ್ಷೆ. ಅವತ್ತು ಮಧ್ಯಾಹ್ನ ಹಿಟ್ಟು ನಾದಲು ನೀರು ಕಾಯಲಿಟ್ಟು, ಅದು ಕುದಿಯುವಷ್ಟರಲ್ಲಿ ಬಂದೇನು ಅಂತ ಪಾಲಿಶ್ ಮೌಲಾಸಾಬರ ಅಂಗಡಿಗೆ ಓಡಿದೆ.

ಮೌಲಾಸಾಬರದು ಸಣ್ಣ ಅಂಗಡಿ. ಗೋಡೆಯ ತುಂಬ ದುಂಡನೆಯ ಪ್ಯಾಡುಗಳು ತೂಗುತ್ತವೆ, ಹಪ್ಪಳ ಒಣಗಹಾಕಿದ ಹಾಗೆ: ಬಿಳಿ ಉಣ್ಣೆಯವು, ಹಳದಿ, ಬಿಳಿ, ಕಪ್ಪು ಸ್ಪಂಜಿನವು. ಕೆಳಗೆ ಬಾಟಲಿಗಳ ಸಾಲು. ಮುಖ ಅಳಿಸುವ ಔಷಧಿ ಅಂತ ಯಾವ ಬಾಟಲಿಯ ಮೇಲೂ ಬರೆದಿಲ್ಲ, ಬರೆದರೆ ಅಂಗಡಿ ಉಳಿಯುವುದಿಲ್ಲ. ಎಲ್ಲದರ ಮೇಲೂ ಒಂದೇ ಚೀಟಿ: ಹಕ್ಕಿ ಹಿಕ್ಕೆ ತೆಗೆಯಲು.

"ಏನ್ರಿ ಕಸ್ತೂರಕ್ಕಾ, ಹಕ್ಕಿ ಹಿಕ್ಕಿ ಹಾಕೇತೇನು?"

"ಹೌದ್ರಿ ಚಾಚಾ."

"ಸಣ್ಣ ಹಕ್ಕಿಯೋ, ದೊಡ್ಡದೋ?"

"ದೊಡ್ಡದು. ಮೀಸಿ ಐತಿ."

ಅವರು ನಗಲಿಲ್ಲ. ಎದ್ದು ಹೊರಗೆ ಎಡಬಲ ನೋಡಿ ಬಂದು ಕುಳಿತರು. "ಎಲ್ಲಾರೂ ಆ ಹಕ್ಕಿಗೇ ಬರ್ತೀರಿ. ಇಲ್ಲಿ ಕೇಳ್ರಿ. ಮ್ಯಾಲಿನ ಹಕ್ಕಿನೋ, ತಳದ ಹಕ್ಕಿನೋ? ಮ್ಯಾಲಿಂದಾದ್ರ ಕಪ್ಪು ಸ್ಪಂಜು, ತೆಳ್ಳನ ಪಾಲಿಶು. ಕೈಲೇ ತಿಕ್ಕಿದ್ರ ಸಾಕು. ತಳದಾಗ ಕುಂತಿತ್ತಂದ್ರ ಉಣ್ಣಿ ಪ್ಯಾಡು, ಗಟ್ಟಿ ಕಾಂಪೌಂಡು ಪೇಸ್ಟು, ಮಷೀನ ಬೇಕು. ಅದ್ರ ಜೋಡಿ ಮ್ಯಾಲಿರೋವೂ ಹೋಗ್ತಾವ."

"ಮ್ಯಾಲಿಂದರೀ. ನನ್ನ ಮಗಳು ಮೊದಲ ದಿನಾನ ನಿಂತಾಳ. ಅವ್ರು ಮೂರನೇ ದಿನ ಬಂದಾರ."

"ಖರೇನ? ಒಂದ್ಸಲ ಉಸಿರು ಬಿಟ್ಟು ನೋಡ್ರಿ. ಹಾ ಅಂತ ಬಾನೆಟ್ ಮ್ಯಾಲ ಉಸಿರು ಬಿಟ್ರ, ಮ್ಯಾಲಿಂದು ಮಸುಕಾಗಿ ಹೊಳ್ಳಿ ಬರ್ತೈತಿ. ತಳದ್ದು ಹಂಗ ಇರ್ತೈತಿ. ನೋಡಿ ಬರ್ರಿ, ಆಮ್ಯಾಲ ಕೊಡ್ತೀನಿ."

"ಚಾಚಾ, ನೀರು ಕಾಯಾಕಿಟ್ಟು ಬಂದೀನಿ. ಉಸಿರು ಬಿಡಾಕೂ ಪುರಸೊತ್ತಿಲ್ಲ ನನಗ. ಕಪ್ಪು ಸ್ಪಂಜು ಕೊಡ್ರಿ."

ಕೊಟ್ಟರು. ಕೊಡುವಾಗ ಅವರ ಮುಖದಲ್ಲಿ ಡಾಕ್ಟರರ ಮುಂದೆ ರೋಗಿಯೇ ಔಷಧಿ ಹೇಳಿದಾಗ ಆಗುವಂಥ ಒಂದು ಬೇಸರವಿತ್ತು.

ಲೀಲಿ ಶಾಲೆಯಿಂದ ಬರುವ ಮೊದಲೇ ಮುಗಿಸಿ ಅವಳನ್ನು ಖುಷಿಪಡಿಸೋಣ ಅಂತ ಸೀರೆಯೊಳಗೆ ಹೊಕ್ಕೆ. ಕಪ್ಪು ಸ್ಪಂಜಿಗೆ ನಾಲ್ಕು ಹನಿ ಪಾಲಿಶು ಹಾಕಿ, ಹೆಂಚಿಗೆ ನೀರು ಸವರುವ ಹಾಗೆ ಹಗುರವಾಗಿ ಸುತ್ತು ಸುತ್ತು ತಿಕ್ಕಿದೆ. ಒದ್ದೆ ಇರುವಾಗ ಏನೂ ಕಾಣುವುದಿಲ್ಲ. ಬಟ್ಟೆಯಿಂದ ಒರೆಸಿದೆ.

ರುದ್ರಗೌಡರು ನನ್ನನ್ನು ನೋಡಿ ನಗುತ್ತಿದ್ದರು, ಮೊದಲಿಗಿಂತ ಹೊಳೆಯುತ್ತ, ಇದೀಗ ಜಳಕ ಮಾಡಿ ಬಂದವರ ಹಾಗೆ. ಕಿವಿಯ ಕೂದಲು ಸಹ ಎಣಿಸಬಹುದಿತ್ತು. ಅವರ ಮುಂದೆ ಲೀಲಿ ಇದ್ದ ಕಡೆ ಬರೀ ಕಪ್ಪು.

ಆಮೇಲೆ ಉಸಿರು ಬಿಟ್ಟು ನೋಡಿದೆ. ಬಿಡಬೇಕಂತಲ್ಲ, ತಾನಾಗಿ ಬಂತು. ಬಾನೆಟ್ಟು ಮಂಜಾಯಿತು. ಮೆಂಬರು ಆ ಮಂಜಿನೊಳಗೂ ಹಾಗೇ ನಿಂತಿದ್ದರು.

ಕುದ್ದ ನೀರು ಆರಿಹೋಗುವ ತನಕ ನಾನು ಆ ಸೀರೆಗಳ ನಡುವೆಯೇ ಕುಳಿತಿದ್ದೆ. ಲೀಲಿ ಬಂದಳು, ಚೀಲ ಇಳಿಸದೆ ಒಳಗೆ ಬಂದಳು, ನೋಡಿದಳು. ಅಳುತ್ತಾಳೆ ಅಂದುಕೊಂಡೆ. ಅವಳು ನಾಲಿಗೆಯಿಂದ ಹಲ್ಲಿನ ಸಂದಿ ಮುಟ್ಟಿ ನೋಡಿಕೊಂಡಳು. ಅಲ್ಲಿ ಆಗಲೇ ಅಕ್ಕಿಕಾಳಿನಷ್ಟು ಹೊಸ ಹಲ್ಲು ಮೂಡಿತ್ತು.

"ಮತ್ತ ನಿಲ್ಲಾಕ ಬರೂದಿಲ್ಲಲ್ಲವ್ವಾ," ಅಂದಳು. "ಹಲ್ಲು ಬಂತಲ್ಲ."

ಅವಳು ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಸ್ಪಂಜನ್ನು ಮೌಲಾಸಾಬರ ಮುಂದೆ ಇಟ್ಟು ನಿಂತೆ. ಅವರು ನನ್ನ ಮುಖ ನೋಡಿ ಸ್ಟೂಲು ಸರಿಸಿದರು. "ತಳದಾಗಿದ್ರಲ್ಲ? ಹಂಗ ಆಗಬಾರದಂತನ ಹೇಳಿದ್ದೆ. ಅವ್ರು ಯಾರ ಮನಿಗೂ ಬರೂದಿಲ್ರಿ ಅಕ್ಕಾ, ಅಷ್ಟು ಪುರಸೊತ್ತೆಲ್ಲಿ? ಪ್ರತಿ ಸೋಮವಾರ ಷೋರೂಮಿನ ಹಿಂದಿನ ಅಂಗಳಕ್ಕ ಹೊಕ್ಕಾರ. ಲಾರಿಯಿಂದ ಇಳಿದ ಗಾಡಿ ಸಾಲಾಗಿ ನಿಂತಿರ್ತಾವ. ಒಂದೊಂದಕ್ಕ ಕೈ ಮುಗಿದು ಇಪ್ಪತ್ತೊಂದು, ಮುಂದಿನದಕ್ಕ ಇಪ್ಪತ್ತೊಂದು. ತಳದ ಮಾರಿ ಮ್ಯಾಲ ಏರಾಕ ಮೂರ ನಾಕು ದಿನ ಬೇಕು. ಅಷ್ಟರಾಗ ನೀವು ಮನಿಯವರು ನಿಂತಿರ್ತೀರಿ. ಅವ್ರನ್ನ ಅಳಿಸಾಕ ಹೋದ್ರ ಮೊದಲು ನಿಮ್ಮ ಮಂದೀನ ಅಳಿಸಬೇಕು. ಅದಕ್ಕ ಯಾರೂ ಕೈ ಹಚ್ಚೂದಿಲ್ಲ."

"ನನ್ನ ಮಂದಿ ಹೋತಲ್ರಿ ಚಾಚಾ. ಈಗ ಹಚ್ಚತೀನಿ," ಅಂದೆ.

ಅವರು ಗೋಡೆಯಿಂದ ಉಣ್ಣೆಯ ಪ್ಯಾಡು ಇಳಿಸಿದರು, ಮೂಲೆಯಿಂದ ಮಷೀನು ತಂದರು. ಈ ಸಲ ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಮೊದಲು ಉಣ್ಣೆ ಮತ್ತು ಕಾಂಪೌಂಡು. ಉಣ್ಣೆ ಮುಖವನ್ನು ಕೀಳುತ್ತದೆ, ಆದರೆ ಸುರುಳಿ ಸುರುಳಿ ಗೀರು ಬಿಡುತ್ತದೆ. ಆ ಗೀರಿಗೆ ಹಳದಿ ಸ್ಪಂಜು. ಕೊನೆಗೆ ಕಪ್ಪು ಸ್ಪಂಜಿನಲ್ಲಿ ಪಾಲಿಶಲ್ಲ, ಮೇಣ; ಮೇಣ ಏನನ್ನೂ ತೆಗೆಯುವುದಿಲ್ಲ, ಇದ್ದದ್ದನ್ನು ಕಾಯುತ್ತದೆ. "ಎರಡು ಮಾತು ನೆನಪಿಡ್ರಿ," ಅಂದರು. "ಅಂಚಿನಾಗ ಬಣ್ಣ ಭಾಳ ತೆಳ್ಳಗಿರ್ತೈತಿ. ಅಲ್ಲಿ ಉಣ್ಣಿ ಒಯ್ದ್ರ ತಗಡು ಕಾಣ್ತೈತಿ. ಟೇಪ್ ಹಚ್ಚಿ ಬಿಟ್ಟುಬಿಡ್ರಿ. ಇನ್ನೊಂದು, ಮಷೀನು ತಿರುಗಿದ್ರ ಬಣ್ಣ ಕಾಯ್ತೈತಿ. ಒಂದೊಂದು ಸುತ್ತಾದ ಮ್ಯಾಲ ಅಂಗೈ ಇಟ್ಟು ನೋಡ್ರಿ. ಬಿಸಿ ಆರೂ ತನಕ ಕೈ ತೆಗೀಬ್ಯಾಡ್ರಿ, ಮುಂದಿನ ಸುತ್ತು ಹಾಕಬ್ಯಾಡ್ರಿ. ಗಡಬಡಿ ಮಾಡಿದ್ರ ಗಾಡಿ ಹೋತು."

"ಎಷ್ಟೊತ್ತು ಇಡಬೇಕ್ರಿ?"

"ಒಂದು ರೊಟ್ಟಿ ಬೇಯೂವಷ್ಟು. ನಿಮಗ ನಾ ಏನು ಹೇಳ್ಲಿ?"

ನಲವತ್ತನೆಯ ದಿನ ಭಾನುವಾರವಿತ್ತು. ನಾಲ್ಕೂ ಖಾನಾವಳಿಗೆ ಫೋನು ಮಾಡಿ ಇವತ್ತು ರೊಟ್ಟಿ ಇಲ್ಲ ಅಂದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಮೂವರು ಯಾರು ಸತ್ತರು ಅಂತ ಕೇಳಿದರು. ನಾಲ್ಕನೆಯವರು ಕೇಳಲಿಲ್ಲ, ಅನ್ನ ಮಾಡಿಸಿದರು. ಈರಪ್ಪ ಡ್ಯೂಟಿಗೆ ಹೋಗುವಾಗ ಸೀರೆಯ ಹೊರಗಿನಿಂದಲೇ, "ನನ್ನ ಬಾಗಿಲು ಮುಟ್ಟಬ್ಯಾಡ, ಹಿಂದಿಂದು ಚಲೋ ಬಂದೈತಿ," ಅಂದ. ಮೆಂಬರ ವಿಷಯ ಎತ್ತಲಿಲ್ಲ, ಎರಡು ಕೊಡ ನೀರು ತುಂಬಿಸಿಟ್ಟು ಹೋದ.

ಉಣ್ಣೆ ತಿರುಗಿದಾಗ ಮೊದಲು ಕುಂಕುಮ ಹೋಯಿತು. ಅಂಗೈ ಇಟ್ಟೆ. ಬಣ್ಣ ಸುಡುತ್ತಿತ್ತು. ನನಗೆ ಹೆಂಚಿನ ರೂಢಿ, ಸುಟ್ಟರೂ ಕೈ ತೆಗೆಯುವವಳಲ್ಲ, ಆದರೆ ಸುಮ್ಮನೆ ನಿಂತು ಗೊತ್ತಿಲ್ಲ. ನಾಲ್ಕಕ್ಕೇ ಕೈ ತೆಗೆಯಹೋದೆ.

"ಇನ್ನೂ ಆಗಿಲ್ಲವ್ವಾ, ನಾ ಎಣಿಸ್ತೀನಿ," ಅಂತ ಲೀಲಿ ಪಕ್ಕದಲ್ಲಿ ಬಂದು ನಿಂತಳು. ನನ್ನ ಕೈಯ ಮೇಲೆ ತನ್ನ ಕೈ ಒತ್ತಿ ಹಿಡಿದಳು. "ಐದು, ಆರು. ಅಲ್ಲಾಡಬ್ಯಾಡ. ಏಳು."

ಒಂದು ಸುತ್ತು, ಇಪ್ಪತ್ತೊಂದರ ಒಂದು ಎಣಿಕೆ. ಮೀಸೆಯ ಎಡಭಾಗ ಒಂದು ಸುತ್ತಿಗೆ ಹೋಯಿತು, ಬಲಭಾಗ ಮೂರಕ್ಕೂ ಹೋಗಲಿಲ್ಲ. ಸ್ವಲ್ಪ ಹೊತ್ತು ಮೆಂಬರು ಅರ್ಧಮೀಸೆಯಲ್ಲಿ ನಿಂತರು. ಲೀಲಿಗೆ ನಗು ತಡೆಯಲಾಗಲಿಲ್ಲ. ಎಣಿಕೆ ತಪ್ಪಿತು, ಮತ್ತೆ ಒಂದರಿಂದ ಶುರುವಾಯಿತು. ಎಣಿಕೆಯ ನಡುನಡುವೆ ಅವಳು ಏನೇನೋ ಹೇಳಿದಳು. ಹದಿನೇಳರ ಮಗ್ಗಿ ಬಂದಿದೆಯಂತೆ. ಗೆಳತಿ ಮಾತು ಬಿಟ್ಟಿದ್ದಾಳಂತೆ, ಆಗಲೇ ಎರಡು ತಿಂಗಳಾಯಿತಂತೆ. ಎರಡು ತಿಂಗಳು! ದಿನಾ ತಲೆ ಬಾಚಿ ಕಳಿಸುವವಳು ನಾನೇ, ನನಗೆ ಅವಳ ಬೈತಲೆ ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಹಳದಿ ಸ್ಪಂಜನ್ನೂ ಹಾಗೇ ಎಣಿಸುತ್ತ ಮುಗಿಸಿ, ಕಪ್ಪಿನಲ್ಲಿ ಮೇಣ ಹಚ್ಚಿದಾಗ ಹೊತ್ತು ಇಳಿದಿತ್ತು. ಮುಖ ಹೋಗಿತ್ತು, ಹೆಗಲು ಹೋಗಿತ್ತು, ಜರತಾರಿ ಶಾಲು ಹೋಗಿತ್ತು. ಅಂಚಿನ ಟೇಪು ಕಿತ್ತೆ. ಅಲ್ಲಿ ಉಣ್ಣೆ ಒಯ್ಯುವ ಹಾಗಿರಲಿಲ್ಲವಲ್ಲ, ಮುಗಿದ ಎರಡು ಕೈ ಹಾಗೇ ಉಳಿದಿದ್ದವು, ಉಂಗುರಗಳ ಸಮೇತ. ಮಿಕ್ಕ ಬಾನೆಟ್ಟು ಬೆಳಕಿಲ್ಲದೆ ಬರೀ ಕಪ್ಪಾಗಿ ಕಾಣುತ್ತಿತ್ತು. ಸಾಕಾಗಿ ಸೀರೆ ಇಳಿಬಿಟ್ಟು ಒಳಗೆ ಹೋದೆವು.

ನಲವತ್ತೊಂದನೆಯ ದಿನ ಬೆಳಿಗ್ಗೆ ರುದ್ರಗೌಡರು ಬಂದರು, ಹಿಂದೆ ಹದಿನೈದು ಜನ, ಮುಂದೆ ಒಬ್ಬ ಫೋಟೋದವನು. ಓಣಿಯೆಲ್ಲ ಸೇರಿತು. ಮೌಲಾಸಾಬರು ದೂರದಲ್ಲಿ, ಬೇರೆ ಯಾವುದೋ ಕೆಲಸಕ್ಕೆ ಬಂದವರ ಹಾಗೆ ನಿಂತಿದ್ದರು. ನಾನು ಆರತಿ ತಟ್ಟೆ ಹಿಡಿದುಕೊಂಡೆ. ಈರಪ್ಪ ಹನುಮಪ್ಪನನ್ನು ನೆನೆಯುತ್ತ ಸೀರೆಯ ಗಂಟು ಬಿಚ್ಚಿದ.

ಬಿಸಿಲು ಬಾನೆಟ್ಟಿಗೆ ಬಿತ್ತು. ಮೊದಲು ಕಂಡದ್ದು ನಾನು. ಗಾಡಿಯ ಪಕ್ಕದಲ್ಲಿ ಬಾಗಿ ನಿಂತಿದ್ದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂದಲು ಹಣೆಗೆ ಅಂಟಿ, ಅಂಗೈ ಬಣ್ಣಕ್ಕೆ ಒತ್ತಿ. ಸುಮ್ಮನೆ. ನಾನು ಸುಮ್ಮನೆ ನಿಂತರೆ ಹಾಗೆ ಕಾಣುತ್ತೇನೆ ಅಂತ ನನಗೆ ಗೊತ್ತಿರಲಿಲ್ಲ. ನನ್ನ ಕೈಯ ಮೇಲೆ ಕೈ ಇಟ್ಟು ಲೀಲಿ ನಿಂತಿದ್ದಳು. ಎಣಿಸುತ್ತ ತೆರೆದ ಬಾಯಿ, ಅದರಲ್ಲಿ ಅಕ್ಕಿಕಾಳಿನಷ್ಟು ಹಲ್ಲು. ಬಿದ್ದ ಹಲ್ಲಿನ ನಗು ಹೋದದ್ದು ಹೋಯಿತು. ಇದು ಬೇರೆಯದೇ ನಗು. ಮತ್ತು ನಮ್ಮಿಬ್ಬರ ಮುಂದೆ, ಬಾನೆಟ್ಟಿನ ಅಂಚಿನಲ್ಲಿ, ಯಾರದೋ ಉಂಗುರದ ಕೈಗಳು ಭಕ್ತಿಯಿಂದ ಮುಗಿದುಕೊಂಡಿದ್ದವು.

ರುದ್ರಗೌಡರು ಬಗ್ಗಿ ಆ ಉಂಗುರಗಳನ್ನು ನೋಡಿದರು, ತಮ್ಮ ಬೆರಳು ನೋಡಿಕೊಂಡರು. ಅವರ ಕುತ್ತಿಗೆ ಕೆಂಪಾಯಿತು.

"ಏನಿದು? ನಾ ಯಾವಾಗ ನಿಮಗ ಕೈ ಮುಗಿದಿದ್ದೆ?"

ಲೀಲಿ ನನ್ನ ಸೆರಗಿನ ಹಿಂದಿನಿಂದ, ಟೀಚರಿಗೆ ಉತ್ತರ ಕೊಡುವ ದನಿಯಲ್ಲಿ ಹೇಳಿದಳು, "ಇಲೆಕ್ಷನ್ ಬಂದಾಗ್ರಿ."

ಮೊದಲು ಯಾರು ನಕ್ಕರೋ ತಿಳಿಯದು. ಮೌಲಾಸಾಬರು ಕೆಮ್ಮಿದರು. ಫೋಟೋದವನು ತನಗೆ ಕೊಟ್ಟ ಕೆಲಸ ಅದೇ ಅಂತ ತಿಳಿದು ಫೋಟೋ ತೆಗೆದುಬಿಟ್ಟ. ಮೆಂಬರು ಆ ಕಡೆ ಈ ಕಡೆ ನೋಡಿ, ಬೇರೇನೂ ತೋಚದೆ, ರೂಢಿಯ ಪ್ರಕಾರ ನಕ್ಕು ಎಲ್ಲರಿಗೂ ಕೈ ಮುಗಿದು ಹೊರಟರು.

ಆ ವಾರ ನಳಕ್ಕೆ ನೀರು ಬರಲಿಲ್ಲ. ಅದರ ಹಿಂದಿನ ವಾರವೂ ಬಂದಿರಲಿಲ್ಲ, ಹಾಗಾಗಿ ಸೇಡೋ ರೂಢಿಯೋ ಹೇಳುವುದು ಕಷ್ಟ. ಮೌಲಾಸಾಬರ ಅಂಗಡಿಯಲ್ಲಿ ಮಾತ್ರ ಉಣ್ಣೆಯ ಪ್ಯಾಡು ಮುಗಿದುಹೋಗಿದೆ. ಬಂದವರೆಲ್ಲ ಕೇಳುವುದು ಒಂದೇ: ಹಕ್ಕಿ ಹೋಗಬೇಕು, ಕೈ ಉಳಿಯಬೇಕು.

ನಾನು ಈಗ ಹನ್ನೆರಡಕ್ಕೆ ಮೊದಲ ಬುಟ್ಟಿಗಳನ್ನು ಗಾಡಿಗೆ ಏರಿಸುತ್ತೇನೆ. ರಜೆಯಿದ್ದರೆ ಲೀಲಿಯೂ ಬರುತ್ತಾಳೆ. ನಾನು ಗಡಿಬಿಡಿಯಲ್ಲಿ ಕೀಲಿ ತಿರುಗಿಸಲು ಹೋದರೆ ಬಾನೆಟ್ಟಿನ ಕಡೆ ಬೊಟ್ಟು ಮಾಡುತ್ತಾಳೆ. ಅಲ್ಲಿ ಸುಮ್ಮನೆ ನಿಂತವಳನ್ನು ನೋಡಿ ನಾನು ಕೀಲಿಯಿಂದ ಕೈ ತೆಗೆಯುತ್ತೇನೆ. ಲೀಲಿ ಒಂದರಿಂದ ಎಣಿಸಲು ಶುರುಮಾಡುತ್ತಾಳೆ. ರೊಟ್ಟಿ ಸ್ವಲ್ಪ ಆರುತ್ತದೆ, ಆರಲಿ.